ಒಂದು ಸೀರೆಗೆ ಎಷ್ಟು ನೂಲು? ನಾಗಪುರದ ಒಂದು ಲೆಕ್ಕ

1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಲಾಯಿತು. ಅದೇ ದಿನ ನಾಗಪುರದ ಜುಮ್ಮಾ ತಲಾವಿನ ಬಳಿ ಜಮ್‌ಷೆಡ್‌ಜಿ ಟಾಟಾ ಅವರ ಹತ್ತಿ ಗಿರಣಿ ಶುರುವಾಯಿತು. ಆ ದಿನದ ನೆನಪಿಗೆ ಅದಕ್ಕೆ ಎಂಪ್ರೆಸ್ ಮಿಲ್ಸ್ ಎಂದು ಹೆಸರಿಟ್ಟರು. ಜವುಗು ನೆಲಕ್ಕೆ ಮಣ್ಣು ತುಂಬಿಸುತ್ತಿದ್ದಾಗ ಊರಿನ ಸಾಹುಕಾರನೊಬ್ಬ, ಚಿನ್ನವನ್ನು ನೆಲಕ್ಕೆ ಸುರಿಯುವ ಈ ಕೆಲಸಕ್ಕೆ ತಾನು ದುಡ್ಡು ಕೊಡಲಾರೆ ಎಂದನಂತೆ. ಟಾಟಾ ಅವರ ಜೀವನಚರಿತ್ರೆಗಳಲ್ಲಿ ಈ ಕತೆ ತಪ್ಪದೆ ಬರುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದು ಯಂತ್ರಗಳ ಎಣಿಕೆ: ಗಿರಣಿ ತೆರೆದಾಗ ಅಲ್ಲಿದ್ದ ನೂಲುವ ಕದಿರುಗಳು ಹತ್ತಿರಹತ್ತಿರ 30 ಸಾವಿರ, ಮಗ್ಗಗಳು 450.

ಅಂದರೆ ಒಂದು ಮಗ್ಗಕ್ಕೆ 66 ಕದಿರು. ಗಿರಣಿಯ ನೂಲೆಲ್ಲ ಅದರ ಮಗ್ಗಗಳಿಗೇ ಹೋಗುತ್ತಿರಲಿಲ್ಲ, ಹೊರಗಿನ ನೇಕಾರರಿಗೂ ಮಾರಾಟವಾಗುತ್ತಿತ್ತು ನಿಜ. ಅದನ್ನು ಕಳೆದರೂ ಅಂತರ ದೊಡ್ಡದೇ. ಬಟ್ಟೆ ಎಂದರೆ ನಮ್ಮ ಕಣ್ಣಿಗೆ ಬರುವುದು ಮಗ್ಗ, ಹಾಡಿಗೆ ಬರುವುದು ಲಾಳಿ. ಹೆಚ್ಚಿನ ದುಡಿಮೆ ಇರುವುದು ಅದಕ್ಕೂ ಹಿಂದೆ, ನೂಲಿನಲ್ಲಿ.

ಎಷ್ಟು ನೂಲು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಎಣಿಸಿ ಎರಡನ್ನೂ ಕೂಡಿಸಬೇಕು. ಅದನ್ನು ಬಟ್ಟೆಯ ಅಗಲದ ಇಂಚುಗಳಿಂದ ಗುಣಿಸಿದರೆ, ಒಂದು ಗಜ ಉದ್ದದ ಬಟ್ಟೆಗೆ ಎಷ್ಟು ಗಜ ನೂಲು ಎಂಬುದು ಸಿಗುತ್ತದೆ. 36 ಇಂಚು ಅಗಲದ, ಇಂಚಿಗೆ 40 ಹಾಸು 40 ಹೊಕ್ಕಿನ ಸಾಧಾರಣ ಬಟ್ಟೆಯನ್ನು ತೆಗೆದುಕೊಂಡರೆ 80 ಗುಣಿಸು 36, ಒಟ್ಟು 2880 ಗಜ. ಎಳೆಗಳು ಒಂದರ ಮೇಲೊಂದು ಹತ್ತಿ ಇಳಿಯುವಾಗ ಅಂಕುಡೊಂಕಾಗುತ್ತವೆ. ಅದಕ್ಕೆಂದು ನೂರಕ್ಕೆ ಐದಾರು ಪಾಲು ಸೇರಿಸಿದರೆ 3000 ಗಜ ದಾಟುತ್ತದೆ. ಒಂದೇ ಒಂದು ಗಜ ಬಟ್ಟೆಗೆ!

ಮರಾಠಿ ಹೆಂಗಸರು ಉಡುವ ಒಂಬತ್ತು ಗಜದ ಸೀರೆಗೆ ಇದೇ ಲೆಕ್ಕ ಹಾಕೋಣ. ಅಗಲ 45 ಇಂಚು, ಹಾಸು 60, ಹೊಕ್ಕು 50 ಎಂದಿಟ್ಟುಕೊಂಡರೆ ಸುಮಾರು 47 ಸಾವಿರ ಗಜ, ಅಂದರೆ 43 ಕಿಲೋಮೀಟರ್ ನೂಲು. ಅಂಥ ಎರಡು ಸೀರೆ ಬಿಚ್ಚಿ ಎಳೆದರೆ ನಾಗಪುರದಿಂದ ವಾರ್ಧಾ ಮುಟ್ಟಿ ಇನ್ನೂ ಮಿಗುತ್ತದೆ.

ಕೈ ಪಳಗಿದವರು ರಾಟೆಯಲ್ಲಿ ಗಂಟೆಗೆ ಸುಮಾರು 300 ಗಜ ನೂಲುತ್ತಾರೆ. ಹಾಗಾದರೆ ಆ ಒಂದು ಸೀರೆಗೆ 157 ಗಂಟೆ; ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತು ದಿನ. ಹತ್ತಿ ಹಿಂಜಿ ಹಂಜಿ ಮಾಡುವ ಹೊತ್ತು ಇದರಲ್ಲಿ ಸೇರಿಲ್ಲ. ಮನೆಗೆಲಸದ ನಡುವೆ ದಿನಕ್ಕೆರಡು ಗಂಟೆ ಬಿಡುವು ಮಾಡಿಕೊಂಡು ನೂಲುವ ಹೆಂಗಸಿಗೆ ಎರಡೂವರೆ ತಿಂಗಳು ಬೇಕು. ಹಾಸು ಸಿದ್ಧವಾಗಿ ಮಗ್ಗಕ್ಕೇರಿದ ಮೇಲೆ ನೇಯುವುದಕ್ಕೆ ಎರಡು ಮೂರು ದಿನ ಸಾಕು.

ನಾಗಪುರದಲ್ಲಿ ಮುಂದೆ ನಡೆದದ್ದು ಈ ಲೆಕ್ಕದಿಂದ ಅರ್ಥವಾಗುತ್ತದೆ. ಅಲ್ಲಿನ ಕೋಷ್ಟಿ ನೇಕಾರರು ಭೋಂಸಲೆ ದರ್ಬಾರಿಗೆ ನಯವಾದ ಬಟ್ಟೆ ನೇಯುತ್ತಿದ್ದರು. ಹಳ್ಳಿಗಳಲ್ಲಿ ಮಹಾರ್ ನೇಕಾರರು ಕೈನೂಲಿನ ದಪ್ಪ ಬಟ್ಟೆ ನೇಯುತ್ತಿದ್ದರು. 1854ರಲ್ಲಿ ರಾಜ್ಯ ಇಂಗ್ಲಿಷರ ಕೈಸೇರಿತು. 1867ರಲ್ಲಿ ಮುಂಬಯಿಯಿಂದ ರೈಲು ಬಂತು. ಯಂತ್ರದ ನೂಲು ಅಗ್ಗವಾದಾಗ ನೇಕಾರ ಅದನ್ನು ಕೊಂಡು ತನ್ನ ಮಗ್ಗ ಉಳಿಸಿಕೊಳ್ಳಬಹುದಿತ್ತು, ಬಹಳ ಮಂದಿ ಉಳಿಸಿಕೊಂಡರು ಕೂಡ. ನೂಲುವವಳಿಗೆ ಅಂಥ ದಾರಿ ಇರಲಿಲ್ಲ. ಬಟ್ಟೆಯೊಳಗಿನ ಇಪ್ಪತ್ತು ದಿನ ಅವಳದಾಗಿತ್ತು, ಯಂತ್ರ ಕಿತ್ತುಕೊಂಡದ್ದು ಆ ಇಪ್ಪತ್ತು ದಿನವನ್ನೇ. ಕೈಮಗ್ಗದ ಅಳಿವು ಎಂದು ನಾವು ದುಃಖಿಸುವಾಗ ಈ ಮೊದಲನೆಯ ಅಳಿವು ಸಾಮಾನ್ಯವಾಗಿ ಮರೆತುಹೋಗುತ್ತದೆ. ಎಂಪ್ರೆಸ್ ಮಿಲ್ಸ್‌ನಲ್ಲಿ 1883ರ ಹೊತ್ತಿಗೇ ಇನ್ನೂ ವೇಗದ ರಿಂಗ್ ಕದಿರುಗಳ ಪ್ರಯೋಗ ನಡೆದಿತ್ತು.

ಎಳೆ ಎಣಿಸದೆ ತೂಕದಿಂದಲೂ ನೂಲನ್ನು ಅಂದಾಜು ಮಾಡಬಹುದು. 840 ಗಜಕ್ಕೆ ಒಂದು ಲಡಿ. ಒಂದು ಪೌಂಡಿಗೆ ಎಷ್ಟು ಲಡಿ ತೂಗುತ್ತದೋ ಅದು ನೂಲಿನ ನಂಬರು. ಮೇಲಿನ ಸೀರೆ 40ನೇ ನಂಬರಿನದಾದರೆ 640 ಗ್ರಾಂ ಆಸುಪಾಸು ತೂಗಬೇಕು. ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಜಾನ್ ಫೋರ್ಬ್ಸ್ ವಾಟ್ಸನ್ 1866ರಲ್ಲಿ ಭಾರತದ ಬಟ್ಟೆಗಳ 700 ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಹೊರತಂದಾಗ, ಉದ್ದ ಅಗಲದ ಜೊತೆ ತೂಕವನ್ನೂ ಬರೆಸಿದ್ದು ಸುಮ್ಮನೆ ಅಲ್ಲ. ಇಲ್ಲಿಯವರು ಉಡುವ ಬಟ್ಟೆಯನ್ನು ಅಲ್ಲಿಯ ಗಿರಣಿಗಳು ಮಾಡಿ ಮಾರಬೇಕಾದರೆ ಈ ವಿವರಗಳು ಬೇಕಿದ್ದವು. ಆದರೆ ತಕ್ಕಡಿ ಸುಳ್ಳು ಹೇಳಬಲ್ಲದು. ಮ್ಯಾಂಚೆಸ್ಟರಿನ ಬಟ್ಟೆಗೆ ಗಂಜಿಯ ಜೊತೆ ಬಿಳಿ ಜೇಡಿಮಣ್ಣನ್ನೂ ಮೆತ್ತಿ ತೂಕ ಹೆಚ್ಚಿಸುತ್ತಾರೆಂಬ ದೂರು ಆ ಕಾಲದಲ್ಲಿ ಜೋರಾಗಿತ್ತು. ಒಂದು ಒಗೆತಕ್ಕೆ ಮಣ್ಣು ಹೋಗುತ್ತದೆ, ನೂಲು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ.

ಗಿರಣಿಯೊಳಗೂ ಈ ಉದ್ದಕ್ಕೆ ಒಂದು ಅರ್ಥವಿತ್ತು. ಮೇಲೆ ಹೇಳಿದ ಸಾಧಾರಣ ಬಟ್ಟೆಯ ಒಂದು ಗಜಕ್ಕೆ ಹೊಕ್ಕೇ 1440 ಗಜ ಬೇಕು. ಲಾಳಿಯೊಳಗಿನ ಕಂಡಿಕೆ ಮತ್ತೆ ಮತ್ತೆ ಖಾಲಿಯಾಗುತ್ತದೆ, ಹೊಸದನ್ನು ಹಾಕಿದಾಗಲೆಲ್ಲ ಎಳೆಯ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ತೆಗೆಯಬೇಕಿತ್ತು. ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಗುತ್ತದೆಂಬ ನೆಪದಿಂದ ಮುಂಬಯಿಯ ಗಿರಣಿಗಳಲ್ಲಿ ದಲಿತರನ್ನು, ಕೂಲಿ ಹೆಚ್ಚಿದ್ದ ನೇಯ್ಗೆ ವಿಭಾಗದಿಂದ ದೂರ ಇಡುತ್ತಿದ್ದರು. 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನೇ ಎತ್ತಿ ಕೇಳಿದರು.

ನೂಲಿನ ಉದ್ದ ರಾಜಕೀಯದ ಅಳತೆಯೂ ಆಯಿತು. 1920ರ ಡಿಸೆಂಬರಿನ ನಾಗಪುರ ಕಾಂಗ್ರೆಸ್ಸು ಕನ್ನಡಿಗರಿಗೆ ನೆನಪಿರುವುದು ಭಾಷಾವಾರು ಪ್ರಾಂತ ಸಮಿತಿಗಳಿಗಾಗಿ. ಕರ್ನಾಟಕಕ್ಕೆ ತನ್ನದೇ ಸಮಿತಿ ಸಿಕ್ಕಿದ್ದು ಅಲ್ಲಿ ಒಪ್ಪಿದ ನಿಯಮಾವಳಿಯಿಂದ. ಸದಸ್ಯತ್ವಕ್ಕೆ ನಾಲ್ಕಾಣೆ ಎಂದದ್ದೂ ಅದೇ ನಿಯಮಾವಳಿ. ನಾಲ್ಕು ವರ್ಷದ ಮೇಲೆ, 1924ರ ಡಿಸೆಂಬರಿನಲ್ಲಿ, ಗಾಂಧಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ ನಾಲ್ಕಾಣೆಯ ಜಾಗಕ್ಕೆ ನೂಲನ್ನು ತಂದಿತು: ತಿಂಗಳಿಗೆ 2000 ಗಜ, ತಾವೇ ನೂಲದವರು ಬೇರೆಯವರಿಂದ ನೂಲಿಸಿ ಕೊಡಬಹುದು. ವರ್ಷಕ್ಕೆ 24 ಸಾವಿರ ಗಜ. ಸಾಧಾರಣ ಬಟ್ಟೆಯ ಲೆಕ್ಕದಲ್ಲಿ ಎಂಟು ಗಜದಷ್ಟು. ದಿನಕ್ಕೆ ಅರ್ಧ ಗಂಟೆ ನೂಲಿದರೂ ಸಾಕಾಗುವಂತೆ, ಗಂಟೆಗೆ 133 ಗಜದ ನಿಧಾನಗತಿಗೆ ಇಟ್ಟ ಗುರಿ ಅದು. ಪಂಚೆಯೂ ಅಂಗಿಯೂ ಮುಗಿಯುವ ಹೊತ್ತಿಗೆ ಅದರಲ್ಲಿ ಹೆಚ್ಚೇನೂ ಉಳಿಯದು. ಅಷ್ಟನ್ನೂ ಕೊಡಲಾಗದವರು ಬಹಳವಿದ್ದರು. 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ನಿಯಮ ಸಡಿಲಿಸಿ, ನಾಲ್ಕಾಣೆ ಇಲ್ಲವೇ ಸ್ವಂತ ಕೈನೂಲು ಎಂದರು. ಅಲ್ಲಿಯೇ ಅಖಿಲ ಭಾರತ ಚರಕಾ ಸಂಘ ಹುಟ್ಟಿತು.

ಹತ್ತು ವರ್ಷದ ನಂತರ ಚರಕಾ ಸಂಘದ ಮುಂದಿದ್ದ ಪ್ರಶ್ನೆ ಉದ್ದದ್ದಲ್ಲ, ಕೂಲಿಯದು. ಎಂಟು ಗಂಟೆ ನೂಲಿದ ಹೆಂಗಸಿಗೆ ಎಂಟಾಣೆ ಸಿಗಬೇಕೆಂಬುದು ಗಾಂಧಿಯವರ ಬಯಕೆ. ನೂಲಿನ ಕೂಲಿಯೊಂದರಲ್ಲೇ ಬದುಕಲು ಆಗುತ್ತದೆಯೇ ಎಂದು ವಿನೋಬಾ ಅವರು ವಾರ್ಧಾ ಪಕ್ಕದ ನಾಲವಾಡಿಯಲ್ಲಿ ದಿನವಿಡೀ ಕೂತು ನೂಲಿ ನೋಡಿದರು. 1935ರಲ್ಲಿ ಸಂಘ ಕನಿಷ್ಠ ಕೂಲಿಯ ತತ್ವವನ್ನು ಒಪ್ಪಿತಾದರೂ ಶುರುವಾದದ್ದು ಮೂರಾಣೆಯಿಂದ. ಆ ಒಂಬತ್ತು ಗಜದ ಸೀರೆಗೆ ಎಂಟಾಣೆಯ ದರದಲ್ಲಿ ನೂಲಿನ ಕೂಲಿಯೇ ಹತ್ತು ರೂಪಾಯಿ. ಮೂರಾಣೆಯ ದರದಲ್ಲಿ ಮೂರು ರೂಪಾಯಿ ಹನ್ನೆರಡಾಣೆ. ಹತ್ತಿ, ನೇಯ್ಗೆ, ಬಣ್ಣ ಬೇರೆ.