ಕೊಳ್ಳೇಗಾಲ, ಹನೂರು, ಯಳಂದೂರು: ಭೂಮಿ ಹಕ್ಕು ಮತ್ತು ಮೀಸಲಾತಿಯ ಚರಿತ್ರೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ದಲಿತರ ಹಾಗೂ ಸೋಲಿಗ ಆದಿವಾಸಿಗಳ ಹಕ್ಕುಗಳು ಎರಡು ಬೇರೆ ಆಡಳಿತಗಳ ಅಡಿಯಲ್ಲಿ ರೂಪುಗೊಂಡವು. 1799ರಲ್ಲಿ ಟಿಪ್ಪುವಿನ ಪತನದ ನಂತರ ಈಗಿನ ಹನೂರನ್ನೂ ಒಳಗೊಂಡ ಕೊಳ್ಳೇಗಾಲ ಸೀಮೆ ಬ್ರಿಟಿಷರ ವಶವಾಗಿ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅಕ್ಕಪಕ್ಕದ ಊರುಗಳಿಗೆ ಬೇರೆ ಬೇರೆ ಕಾನೂನುಗಳಿದ್ದವು.

ಸರ್ಕಾರಿ ಕೆಲಸದಲ್ಲಿ ಪಾಲು ಕೇಳುವ ಹೋರಾಟ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮೊದಲಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಮದ್ರಾಸಿನಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ 1921ರಲ್ಲಿ ಕೋಮುವಾರು ಪ್ರಾತಿನಿಧ್ಯದ ಆದೇಶ ಹೊರಡಿಸಿತು. ಎರಡರ ಗುರಿಯೂ ಒಟ್ಟಾರೆ ಬ್ರಾಹ್ಮಣೇತರರ ಪ್ರಾತಿನಿಧ್ಯವಾಗಿತ್ತು. ದಲಿತರಿಗೂ ಆದಿವಾಸಿಗಳಿಗೂ ಗಟ್ಟಿ ಆಧಾರ ಸಿಕ್ಕಿದ್ದು ಸಂವಿಧಾನದ 16(4)ನೇ ವಿಧಿಯಿಂದ ಮತ್ತು 1950ರ ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಗಳಿಂದ. ಹಳೆಯ ಗಡಿಯ ಗುರುತು ಪಂಗಡಗಳ ಪಟ್ಟಿಯಲ್ಲಿ ಅಳಿಯಲಿಲ್ಲ. 1976ರ ತಿದ್ದುಪಡಿಯ ನಂತರವೂ ಕಣಿಯನ್ ಸಮುದಾಯದ ಹೆಸರಿನ ಮುಂದೆ 'ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ' ಎಂಬ ಮಿತಿ ಉಳಿಯಿತು.

ಭೂಮಿಯ ವಿಷಯ ಇಷ್ಟು ಸರಳವಾಗಿರಲಿಲ್ಲ. ತೋಟಿ, ತಳವಾರ, ನೀರುಗಂಟಿ ಮುಂತಾದ ಚಾಕರಿಗೆ ಕೊಟ್ಟ ಇನಾಮು ಜಮೀನೇ ಹಳ್ಳಿಗಾಡಿನ ಎಷ್ಟೋ ದಲಿತ ಕುಟುಂಬಗಳಿಗಿದ್ದ ಏಕೈಕ ಆಸ್ತಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಈ ಜಮೀನನ್ನು ಚಾಕರಿಯಿಂದ ಬಿಡಿಸಿ, ಹುದ್ದೆದಾರರಿಗೆ ಮರುಮಂಜೂರು ಮಾಡಲು ದಾರಿ ಮಾಡಿತು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರನ್ನು ಒಡೆಯರನ್ನಾಗಿಸಿತು. ಆದರೆ ಬಹುಪಾಲು ದಲಿತರು ಗೇಣಿದಾರರಲ್ಲ, ಕೂಲಿಕಾರರು. ಗೇಣಿಯೇ ಇಲ್ಲದವರಿಗೆ ಗೇಣಿ ಹಕ್ಕು ತೀರ್ಮಾನಿಸುವ ಭೂನ್ಯಾಯ ಮಂಡಳಿಯ ಮುಂದೆ ಅರ್ಜಿ ಹಾಕಲು ಆಧಾರವಿರಲಿಲ್ಲ.

ಸಿಕ್ಕ ಭೂಮಿಯೂ ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಎಂದು ಅಗ್ಗದ ಬೆಲೆಗೆ ಕೈಬಿಟ್ಟುಹೋಗುತ್ತಿತ್ತು. ಇದನ್ನು ತಡೆಯಲು 1979ರ ಜನವರಿ 1ರಿಂದ ಪರಿಶಿಷ್ಟರ ಜಮೀನುಗಳ ಪರಭಾರೆ ನಿಷೇಧಿಸುವ ಪಿಟಿಸಿಎಲ್ ಕಾಯ್ದೆ ಜಾರಿಯಾಯಿತು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರುದಾರರಿಗೆ ಅಥವಾ ವಾರಸುದಾರರಿಗೆ ಕೊಡಿಸಬೇಕು. ಸುಪ್ರೀಂ ಕೋರ್ಟ್ 1984ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ನ್ಯಾಯಾಲಯ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕೆಂದಾಗ ಎಷ್ಟೋ ಪ್ರಕರಣಗಳು ಬಿದ್ದುಹೋದವು. ಕಾಲಮಿತಿಯನ್ನು ತೆಗೆಯಲು 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು.

ಸೋಲಿಗರ ಕಥೆ ಕಾಡಿನದು. ಕಾಡಿನ ತುಂಡನ್ನು ಕಡಿದು, ಸುಟ್ಟು, ರಾಗಿ ಬಿತ್ತಿ, ಕೆಲವು ವರ್ಷಗಳ ಮೇಲೆ ಬೇರೆಡೆಗೆ ಸಾಗುವುದು ಅವರ ಬೇಸಾಯವಾಗಿತ್ತು, ವಾಸ ಪೋಡುಗಳೆಂಬ ಕಾಡಿನ ಹಾಡಿಗಳಲ್ಲಿ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾದಾಗ ಪಲ್ಲಟ ಬೇಸಾಯ ನಿಂತು, ಒಳಗಾಡಿನ ಪೋಡುಗಳನ್ನು ಎಬ್ಬಿಸಲಾಯಿತು. ಉಳಿದ ಆಸರೆ ಆದಿವಾಸಿಗಳ ವಿವಿಧೋದ್ದೇಶ (ಲ್ಯಾಂಪ್ಸ್) ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಕಲ್ಲುಪಾಚಿ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಹೆಸರಿನಲ್ಲಿ ಆ ಮಾರಾಟಕ್ಕೂ ತಡೆ ಬಿತ್ತು.

2006ರ ಅರಣ್ಯ ಹಕ್ಕು ಕಾಯ್ದೆ ಈ ಅನ್ಯಾಯವನ್ನು ಒಪ್ಪಿಕೊಂಡ ಕಾನೂನು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಉಳುತ್ತಿರುವ ಆದಿವಾಸಿ ಕುಟುಂಬಕ್ಕೆ 4 ಹೆಕ್ಟೇರ್ ಮೀರದಂತೆ ಹಕ್ಕುಪತ್ರ, ಇಡೀ ಊರಿಗೆ ಸಮುದಾಯ ಹಕ್ಕು. ಸಾಕ್ಷ್ಯ ಕಚೇರಿಯ ಕಡತವೇ ಆಗಬೇಕಿಲ್ಲ: ಹಿರಿಯರ ಲಿಖಿತ ಹೇಳಿಕೆ, ಸಮಾಧಿ, ಬಾವಿ, ದೇವರ ತಾಣ, ಹೊಲದ ಬದು ಕೂಡ ಸಾಕ್ಷ್ಯ. ಅರ್ಜಿಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ. 2011ರ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೂ ಸೋಲಿಗರು ಪಟ್ಟು ಬಿಡಲಿಲ್ಲ. ಅದೇ ವರ್ಷದ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇದು ಮೊದಲನೆಯದು. 2013ರಲ್ಲಿ ವನ್ಯಜೀವಿ ಧಾಮವಾದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರಿಗೂ ಇದೇ ಕಾಯ್ದೆಯೇ ಆಧಾರ.

ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೋಲಿಗರಿಗೆ ನೌಕರಿ ಸಿಗಲಿಲ್ಲ. ಅದಕ್ಕೆ ಓದು ಬೇಕಿತ್ತು. ಆಶ್ರಮ ಶಾಲೆಗಳೂ ಡಾ. ಎಚ್. ಸುದರ್ಶನ್ 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಆ ದಾರಿ ತೆರೆದವು. 1991ರಲ್ಲಿ ನಾಯಕ ಸಮುದಾಯದ ಪರ್ಯಾಯ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ, ಕಾಡಂಚಿನ ಸಣ್ಣ ಸಮುದಾಯಗಳು ಪಂಗಡಗಳಿಗಿದ್ದ ಶೇ 3ರ ಪಾಲಿಗೆ ಸಂಖ್ಯಾಬಲವುಳ್ಳವರೊಡನೆ ಸ್ಪರ್ಧಿಸಬೇಕಾಯಿತು. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಪಾಲನ್ನು ಶೇ 15ರಿಂದ 17ಕ್ಕೆ, ಪಂಗಡದ ಪಾಲನ್ನು ಶೇ 3ರಿಂದ 7ಕ್ಕೆ ಏರಿಸಿತು. ಪ್ರಮಾಣ ಏರಿದರೂ ಪಂಗಡಗಳ ಒಳಗಿನ ಅಸಮಾನತೆ ಹಾಗೇ ಉಳಿದಿದೆ.

ಈ ಮೂರು ತಾಲ್ಲೂಕುಗಳ ಅನುಭವದಿಂದ ತಿಳಿಯುವುದು ಇಷ್ಟು: ಹೊಲ ಕೈಯಲ್ಲಿದ್ದ ಮನೆಯ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ, ಶಾಲೆಯಲ್ಲಿ ಉಳಿದವರಿಗಷ್ಟೇ ಮೀಸಲು ಹುದ್ದೆ ದಕ್ಕುತ್ತದೆ. ಭೂಮಿಯನ್ನು ಬಿಟ್ಟು ಮೀಸಲಾತಿಯನ್ನಷ್ಟೇ ಕೊಡುವ ಸರ್ಕಾರ ಅರ್ಧ ನ್ಯಾಯವನ್ನಷ್ಟೇ ಕೊಟ್ಟಂತೆ.