ಹೆಡ್‌ಶಾಟ್: ನಟನಟಿಯರ ಮುಖಚಿತ್ರ

ಪಾತ್ರಕ್ಕೆ ಜನರನ್ನು ಆರಿಸುವವರ ಮುಂದಿಡಲೆಂದು ನಟನಟಿಯರು ತೆಗೆಸಿಕೊಳ್ಳುವ, ಎದೆಯಿಂದ ಮೇಲಕ್ಕೆ ಮುಖವನ್ನೇ ಮುಖ್ಯವಾಗಿ ತೋರಿಸುವ ಛಾಯಾಚಿತ್ರವೇ ಹೆಡ್‌ಶಾಟ್. ಬೆಂಗಳೂರಿನ ಗಾಂಧಿನಗರದ ಸಿನಿಮಾ ಕಚೇರಿಗಳಲ್ಲಿ ‘ಫೋಟೋ ಕಳಿಸಿ’ ಎಂದರೆ ಸಾಮಾನ್ಯವಾಗಿ ಇದೇ. ಹಲವು ಭಂಗಿ, ಉಡುಪುಗಳ ಚಿತ್ರಗಳನ್ನು ಜೋಡಿಸಿದ ಕಟ್ಟು ಪೋರ್ಟ್‌ಫೋಲಿಯೊ. ಸಿನಿಮಾದ ಸ್ಟಿಲ್ ಪಾತ್ರವನ್ನು ತೋರಿಸುತ್ತದೆ, ಹೆಡ್‌ಶಾಟ್ ಪಾತ್ರ ಸಿಗುವ ಮುಂಚಿನ ಮನುಷ್ಯನನ್ನು. ಚಿತ್ರದಲ್ಲಿ ಕಂಡವರೇ ಆಡಿಷನ್‌ಗೆ ಬಾಗಿಲು ತಳ್ಳಿಕೊಂಡು ಬರಬೇಕು. ಈ ಒಂದು ಷರತ್ತಿಗೆ ಹೊಂದದ ಚಿತ್ರ ಎಷ್ಟು ಅಂದವಾಗಿದ್ದರೂ ಕೆಲಸಕ್ಕೆ ಬಾರದು.

ಇತಿಹಾಸ

ನಟರ ಚಿತ್ರಗಳು ಕೈಯಿಂದ ಕೈಗೆ ಹರಿದಾಡಲು ದಾರಿಯಾದದ್ದು ಫ್ರಾನ್ಸಿನ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದ ಚಿಕ್ಕ ಕಾರ್ಡ್ ಚಿತ್ರಗಳಿಂದ. 1860ರ ದಶಕದಲ್ಲಿ ಅದಕ್ಕಿಂತ ದೊಡ್ಡದಾದ ಕ್ಯಾಬಿನೆಟ್ ಕಾರ್ಡ್ ಬಂತು. ಕನ್ನಡ ವೃತ್ತಿ ರಂಗಭೂಮಿಯಲ್ಲಿ ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭಾ, 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಮೊದಲಾದವುಗಳ ಕಾಲದಿಂದ ಉಳಿದುಬಂದ ಚಿತ್ರಗಳಲ್ಲಿ ನಟರು ಬಹುಮಟ್ಟಿಗೆ ವೇಷದಲ್ಲೇ ಇರುತ್ತಾರೆ. ಕಿರೀಟ, ಭುಜಕೀರ್ತಿ, ಹಿಂದೆ ಬರೆದ ಪರದೆ. ವೇಷವಿಲ್ಲದ ಮುಖವನ್ನು ಚಿತ್ರದಲ್ಲಿ ಕೇಳುವವರು ಆಗ ಹೆಚ್ಚು ಇರಲಿಲ್ಲವೆಂದು ತೋರುತ್ತದೆ. ಕಂಪನಿಗೆ ಸೇರುವವನು ಎದುರಿಗೆ ನಿಂತು ಕಂದ ಹಾಡಿ ತೋರಿಸುತ್ತಿದ್ದ.

ಆ ಕಾಲದ ಚಿತ್ರಗಳನ್ನು ನೋಡುವಾಗ ಒಂದು ತಾಂತ್ರಿಕ ಸಂಗತಿ ನೆನಪಿರಬೇಕು. ಮೊದಲ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ನಾಟುತ್ತಿತ್ತು. 1873ರಲ್ಲಿ ಜರ್ಮನಿಯ ಹರ್ಮನ್ ವಿಲ್ಹೆಲ್ಮ್ ಫೋಗೆಲ್ ಲೇಪಕ್ಕೆ ಬಣ್ಣ ಬೆರೆಸಿದರೆ ಹಸಿರೂ ನಾಟುತ್ತದೆಂದು ಕಂಡುಕೊಂಡರು. ಹೀಗೆ ಹುಟ್ಟಿದ ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಮಾತ್ರ ಕಾಣುತ್ತಲೇ ಇರಲಿಲ್ಲ. ಹಣೆಯ ಕುಂಕುಮ ಚಿತ್ರದಲ್ಲಿ ಕಪ್ಪು ಬೊಟ್ಟಾಯಿತು. ಎಲೆಅಡಿಕೆ ಹಾಕಿದ ತುಟಿ ಮಸಿ ಬಳಿದಂತಾಯಿತು. ನಮ್ಮ ಕಡೆಯ ಕಂದು, ಎಣ್ಣೆಗೆಂಪು ಮೈಬಣ್ಣದಿಂದ ಮರಳುವ ಬೆಳಕಿನಲ್ಲಿ ಕೆಂಪಿನ ಪಾಲೇ ದೊಡ್ಡದಾದ್ದರಿಂದ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ಕಣ್ಣ ಸುತ್ತಿನ ನೆರಳು ಗುಳಿಯಾಗಿ ಮೂಡುತ್ತಿತ್ತು. ಇದನ್ನು ಸರಿಪಡಿಸಲು ಸ್ಟುಡಿಯೋಗಳಲ್ಲಿ ರಿಟಚಿಂಗ್ ಇತ್ತು. ಮೊನಚು ಸೀಸದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಸಣ್ಣ ಗೀಟು ಹಾಕುತ್ತ ಹೋದರೆ, ಗೀಟು ಬಿದ್ದ ಕಡೆಯೆಲ್ಲ ಪ್ರಿಂಟು ಬೆಳ್ಳಗಾಗುತ್ತದೆ. ನುರಿತ ಕೈ ಕೆನ್ನೆಯ ಗುಳಿ ತುಂಬುತ್ತಿತ್ತು. ಅವಸರದ ಕೈ ಮುಖದ ಗೆರೆಗಳನ್ನೆಲ್ಲ ಅಳಿಸಿ ಸುಣ್ಣದ ಗೋಡೆ ಮಾಡುತ್ತಿತ್ತು. ಎಲ್ಲ ಬಣ್ಣವನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು 1906ರಿಂದಲೇ ಮಾರಾಟಕ್ಕಿತ್ತು. 1920ರ ದಶಕದ ಕೊನೆಗೆ ಸಿನಿಮಾ ಫಿಲ್ಮಿನಲ್ಲೂ ಅದು ನೆಲೆಗೊಂಡಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಾಣುವ ಹೊತ್ತಿಗೆ, ಮುಖವನ್ನು ಬೆಳ್ಳಗೆ ತಿದ್ದಲು ತಾಂತ್ರಿಕ ಕಾರಣ ಹೆಚ್ಚುಕಡಿಮೆ ಮುಗಿದಿತ್ತು. ಅಭ್ಯಾಸ ಮುಗಿಯಲಿಲ್ಲ. ಇಂದಿನ ಮೊಬೈಲ್ ಆಪ್‌ಗಳ ಬಿಳುಪಿಗೂ ಆ ಪೆನ್ಸಿಲಿಗೂ ನಂಟಿದೆ ಎನ್ನುವುದು ಈ ಲೇಖಕನ ಅಭಿಪ್ರಾಯ.

ಕಪ್ಪುಬಿಳುಪು ಚಿತ್ರಗಳ ಕಾಲದಿಂದ ಪ್ರಗತಿ ಅಶ್ವತ್ಥನಾರಾಯಣ, ಭವಾನಿ ಲಕ್ಷ್ಮೀನಾರಾಯಣ ಅವರಂಥ ಸ್ಟಿಲ್ ಛಾಯಾಗ್ರಾಹಕರು ಕನ್ನಡ ತಾರೆಯರ ಮುಖಗಳನ್ನು ಪತ್ರಿಕೆಗಳಿಗೂ ಅಭಿಮಾನಿಗಳಿಗೂ ತಲುಪಿಸಿದರು.

ಕನಕಪುರ–ರಾಮನಗರ ಸೀಮೆ

ಈ ಸೀಮೆಗೂ ಸಿನಿಮಾಕ್ಕೂ ನಂಟು ಹಳೆಯದು. ಚನ್ನಪಟ್ಟಣ ತಾಲ್ಲೂಕಿನ ದಶವಾರ ಮೂಲದ ಬಿ. ಸರೋಜಾದೇವಿ (1938–2025) 1955ರ ‘ಮಹಾಕವಿ ಕಾಳಿದಾಸ’ದಿಂದ ತೆರೆಗೆ ಬಂದು ನಾಲ್ಕು ಭಾಷೆಗಳಲ್ಲಿ ನಟಿಸಿದರು. 1975ರಲ್ಲಿ ಬಿಡುಗಡೆಯಾದ ‘ಶೋಲೆ’ ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಮುಖ್ಯ ಪಾತ್ರಗಳ ಮುಖಗಳು ಮುಂಬೈಯವು.

ಈ ಸೀಮೆಗೇ ಸೇರಿದ ಮುಖಚಿತ್ರ ಪರಂಪರೆಯೊಂದು ಬೇರೆ ಇದೆ, ಅದನ್ನು ದಾಖಲಿಸಿದವರು ಕಡಿಮೆ. ಕನಕಪುರ, ಮಾಗಡಿ ಕಡೆಯ ಊರುಗಳಲ್ಲಿ ಹಬ್ಬ, ಜಾತ್ರೆಗೆ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡಿಸುವಾಗ, ಹಾರ್ಮೋನಿಯಂ ಮೇಷ್ಟ್ರು ಪಾತ್ರ ಹಂಚಿದ ಮೇಲೆ ಕರಪತ್ರ, ಫ್ಲೆಕ್ಸ್ ಮುದ್ರಣವಾಗುತ್ತದೆ. ಅದರಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ಅಳತೆಯ ಚಿತ್ರ, ಕೆಳಗೆ ಹೆಸರು, ಅದರ ಕೆಳಗೆ ಪಾತ್ರ: ದುರ್ಯೋಧನ, ಭೀಮ, ಶಕುನಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆಲವೊಮ್ಮೆ ಹೆಗಲ ಮೇಲೆ ಟವಲು, ಹಿಂದೆ ಸ್ಟುಡಿಯೋದ ನೀಲಿ ಪರದೆ. ಈ ಚಿತ್ರ ಅದರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ನೋಡುವ ಊರಿಗೆ ಆ ಮುಖ ಮೊದಲೇ ಗೊತ್ತು. ಭೀಮನ ಪಾತ್ರ ಯಾರ ಪಾಲಿಗೆ ಬಂತೆಂದು ತಿಳಿದರೆ ಸಾಕು, ಅದರಲ್ಲಿ ಮರ್ಯಾದೆಯೂ ಇದೆ. ಅದೇ ಚಿತ್ರವನ್ನು ಸುಮಾರು 55 ಕಿ.ಮೀ. ದೂರದ ಬೆಂಗಳೂರಿನ ಸಿನಿಮಾ ಕಚೇರಿಗೆ ಕಳಿಸಿದಾಗ ಕಷ್ಟ ಶುರುವಾಗುತ್ತದೆ. ಅಲ್ಲಿ ನೋಡುವವರಿಗೆ ಮನುಷ್ಯ ಗೊತ್ತಿಲ್ಲ. ಬಿಗಿದ ಮುಖ, ನೇರ ಫ್ಲ್ಯಾಷ್, ತಿದ್ದಿದ ಚರ್ಮದಿಂದ ಅವರಿಗೆ ವಯಸ್ಸೂ ತಿಳಿಯದು, ಕಣ್ಣೂ ತಿಳಿಯದು. ಈ ಸೀಮೆಯ ಒಳ್ಳೆಯ ನಟರು ಕೈಬಿಟ್ಟು ಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಚಿತ್ರವೇ ಇಲ್ಲದೆ ಆಯ್ಕೆಯಾದ ಉದಾಹರಣೆಯೂ ನೆರೆಯಲ್ಲೇ ಇದೆ. ಲೊಕಾರ್ನೊ ಉತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ‘ತಿಥಿ’ಗೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಸುತ್ತಿನ ಹಳ್ಳಿಗರೇ ನಟರಾದರು. ಅಲ್ಲಿ ನಿರ್ದೇಶಕರೇ ಊರಿಗೆ ಹೋಗಿ ಮುಖ ಹುಡುಕಿದ್ದರು. ಎಲ್ಲ ಚಿತ್ರತಂಡಗಳಿಗೂ ಅಷ್ಟು ವ್ಯವಧಾನವಿರುವುದಿಲ್ಲ.

ತೆಗೆಯುವ ಕ್ರಮ

ಮುಖದ ಆಕಾರವನ್ನು ನಿರ್ಧರಿಸುವುದು ಲೆನ್ಸಿಗಿಂತ ಮೊದಲು ದೂರ. ಅರ್ಧ ಮೀಟರಿನಿಂದ ಮೊಬೈಲಿನಲ್ಲಿ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ಒಂದೂವರೆ, ಎರಡು ಮೀಟರ್ ಹಿಂದೆ ನಿಂತು ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85ರಿಂದ 105 ಮಿ.ಮೀ. ಲೆನ್ಸ್, ಮೊಬೈಲಿನಲ್ಲಾದರೆ 2 ಅಥವಾ 3 ಪಟ್ಟು ಹತ್ತಿರ ಮಾಡುವ ಲೆನ್ಸ್ ಬಳಸುವುದು ಸರಿ. ಫೋಕಸ್ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲಿರಬೇಕು.

ಕಂದು ಮುಖಕ್ಕೆ ನಿಜವಾದ ಪರೀಕ್ಷೆ ಬೆಳಕಿನ ಅಳತೆಯಲ್ಲಿದೆ. ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕನ್ನು ಸರಾಸರಿ ಮಾಡಿ ಮಧ್ಯಮ ಬೂದಿಗೆ ತರಲು ನೋಡುತ್ತದೆ. ಬಿಳಿ ಅಂಗಿ, ಬಿಳಿ ಗೋಡೆ ಇದ್ದರೆ ಬೆಳಕು ಹೆಚ್ಚೆಂದು ಎಣಿಸಿ ತಗ್ಗಿಸುತ್ತದೆ, ಮುಖ ಕಪ್ಪಾಗುತ್ತದೆ. ಆಮೇಲೆ ಆಪ್‌ನಲ್ಲಿ ಎತ್ತಿದರೆ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಳತೆಯನ್ನು ಕೆನ್ನೆಯ ಮೇಲಿಂದಲೇ ತೆಗೆದುಕೊಂಡು, ಅಂಗಿಯನ್ನು ಕಡುನೀಲಿ, ಇಟ್ಟಿಗೆಗೆಂಪು, ಎಲೆಹಸಿರಿನಂಥ ಏಕಬಣ್ಣಕ್ಕೆ ಬದಲಿಸಿದರೆ ತಿದ್ದುವ ಅಗತ್ಯವೇ ಬಹುಪಾಲು ಇರದು. ಸಣ್ಣ ಚೌಕುಳಿ ಪರದೆಯ ಮೇಲೆ ನಡುಗುತ್ತದೆ. ಜರಿ ಅಂಚು ಗಲ್ಲದ ಕೆಳಗೆ ಬೇಡದ ಹೊಳಪು ಎಸೆಯುತ್ತದೆ.

ಬೆಳಕು ದೊಡ್ಡದಾಗಿ, ಮೆತ್ತಗೆ, ಒಂದು ಪಕ್ಕದಿಂದ ಸ್ವಲ್ಪ ಮೇಲಿನಿಂದ ಬಂದರೆ ಕಂದು ಚರ್ಮದ ಮೇಲೆ ಅಗಲವಾದ ಹೊಳಪು ಮೂಡಿ ದವಡೆ, ಕೆನ್ನೆಯ ಆಕಾರ ತಿಳಿಯುತ್ತದೆ. ಇದಕ್ಕೆ ಸ್ಟುಡಿಯೋ ಬೇಕೆಂದಿಲ್ಲ. ಬಿಸಿಲು ನೇರ ಬೀಳದ ಜಗುಲಿ, ಎದುರು ಪಕ್ಕದಲ್ಲಿ ಒಂದು ಬಿಳಿ ಥರ್ಮೋಕೋಲ್ ಹಲಗೆ ಸಾಕು. ಎರಡೂ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಕಾಣಬೇಕು. ಬೆವರಿನ ಮಿನುಗನ್ನು ಪೌಡರಿನಿಂದ ಮುಚ್ಚದೆ ಟಿಶ್ಯೂ ಒತ್ತಿ ತೆಗೆಯುವುದು ಮೇಲು. ಗಾಯದ ಕಲೆ, ನರೆ, ಸೊಟ್ಟ ಹಲ್ಲು ಹಾಗೇ ಇರಲಿ. ಪಾತ್ರಕ್ಕೆ ಬೇಕಾಗುವುದು ಹಲವು ಸಲ ಅದೇ. ಅಂದಿನ ಮೊಡವೆಯನ್ನು ಮಾತ್ರ ಅಳಿಸಬಹುದು.

‘ಸ್ಮೈಲ್’ ಎಂದು ಹೇಳಿಸಿಕೊಂಡ ನಗು ತುಟಿಯಲ್ಲೇ ನಿಲ್ಲುತ್ತದೆ. ಅನುಭವಿ ಛಾಯಾಗ್ರಾಹಕರು ನಟರಿಗೆ ಒಂದು ಸನ್ನಿವೇಶ ಕೊಡುತ್ತಾರೆ: ಬಸ್ಸಿನಿಂದ ಇಳಿದವರಲ್ಲಿ ಗುರುತಿನವರು ಕಂಡರು, ಸಾಲ ಕೇಳಲು ಬಂದವನು ಇನ್ನೂ ಬಾಯಿ ಬಿಟ್ಟಿಲ್ಲ. ಮಾತು ಹುಟ್ಟುವ ಮುಂಚಿನ ಆ ಕ್ಷಣವೇ ಒಳ್ಳೆಯ ಹೆಡ್‌ಶಾಟ್.

ಬಳಕೆ

ನಗುವ ಒಂದು, ನಗದ ಒಂದು, ಎರಡು ಪಕ್ಕದ ನೋಟ, ಆಳೆತ್ತರದ ಒಂದು ಚಿತ್ರ ಮೊದಲ ಸುತ್ತಿಗೆ ಸಾಕಾಗುತ್ತದೆ. ಕೇಳಿದವರಿಗೆ ಕಿರು ಪರಿಚಯದ ವಿಡಿಯೋ. ಗಡ್ಡ, ಮೀಸೆ, ಕೂದಲು, ತೂಕ ಗುರುತು ತಪ್ಪುವಷ್ಟು ಬದಲಾದರೆ ಚಿತ್ರವೂ ಬದಲಾಗಬೇಕು. ವಾಟ್ಸ್‌ಆಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗುಣಮಟ್ಟ ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸುವುದು ರೂಢಿ. ಫೈಲಿಗೆ ನಟರ ಹೆಸರನ್ನೇ ಇಟ್ಟು, ಜೊತೆಗೆ ಎತ್ತರ, ವಯಸ್ಸು, ಆಡಿದ ಪಾತ್ರಗಳು, ಬರುವ ಭಾಷೆಗಳನ್ನು ಬರೆಯುತ್ತಾರೆ. ಕನಕಪುರ ಕಡೆಯ ಆಡುಮಾತು, ಕಂದ ಹಾಡುವ ಕಂಠ, ರಾತ್ರಿಯಿಡೀ ರಂಗದ ಮೇಲೆ ನಿಂತ ಅನುಭವ ಇವನ್ನೂ ಅಲ್ಲಿ ನಮೂದಿಸಬೇಕು.