ಓದಿದ ಶಾಲೆಗೆ ಬದುಕನ್ನೇ ದತ್ತಿಯಿಟ್ಟ ಎಚ್ಚೆನ್

ಓದಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳು ದತ್ತಿಯಿಡುವ ಪದ್ಧತಿ ನಮ್ಮಲ್ಲಿ ಹಳೆಯದು. ಬ್ಯಾಂಕಿನಲ್ಲಿಟ್ಟ ಮೂಲಧನದ ಬಡ್ಡಿಯಿಂದ ವರ್ಷವರ್ಷವೂ ಬಹುಮಾನ ನೀಡುತ್ತಾರೆ. ಅದು ಶ್ಲಾಘ್ಯವೇ. ಆದರೆ ತನ್ನ ಬದುಕನ್ನೇ ಮೂಲಧನವಾಗಿ ಇಟ್ಟವರೊಬ್ಬರನ್ನು ಇಲ್ಲಿ ಸ್ಮರಿಸಬೇಕೆನಿಸಿದೆ.

ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಪ್ರೌಢಶಾಲೆಗೆ ಸೇರಲು 1935ರಲ್ಲಿ ಈ ಬಾಲಕ ಬೆಂಗಳೂರಿಗೆ ನಡೆದೇ ಹೋದನು. ಬಸ್ಸಿಗೆ ಹಣವಿರಲಿಲ್ಲ. ಅವನನ್ನು ಸೇರಿಸಿಕೊಂಡದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಆನಿ ಬೆಸೆಂಟರ ಪ್ರೇರಣೆಯಿಂದ 1917ರಲ್ಲಿ ಆರಂಭವಾದ ಶಾಲೆ. ಮರುವರ್ಷ ಗಾಂಧೀಜಿ ಅಲ್ಲಿಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದವನು ಇದೇ ಹಳ್ಳಿಯ ಹುಡುಗ. ಖಾದಿಯೂ ಸರಳತೆಯೂ ಕೊನೆಯವರೆಗೆ ಅವರನ್ನು ಬಿಡಲಿಲ್ಲ. 1942ರ ಚಳವಳಿಯಲ್ಲಿ ಓದು ನಿಲ್ಲಿಸಿ ಸೆರೆಮನೆಯನ್ನೂ ಕಂಡರು.

1946ರಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ಅವರು ಸೇರಿದ್ದು ಅದೇ ಸಂಸ್ಥೆಯ ನ್ಯಾಷನಲ್ ಕಾಲೇಜನ್ನು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರೂ ಮರಳಿದ್ದು ಅಲ್ಲಿಗೇ. ಪ್ರಾಂಶುಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಪದ್ಮಭೂಷಣರಾದರು. ಆದರೂ ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಅವರ ಬಿಡಾರ. 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಮೂಲಕ ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸಗಳು ದೊರೆತವು. ಪ್ರಶ್ನಿಸದೆ ಒಪ್ಪಬೇಡಿ ಎಂಬುದೇ ಅವರ ಪಾಠದ ಸಾರ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕುವುದು ಬೇರೊಂದು ಸಂಗತಿ. ಪ್ರೌಢಶಾಲೆಯನ್ನು ಅರಸಿ ಊರು ಬಿಟ್ಟು ನಡೆದವರು, ತಮ್ಮ ಸಂಸ್ಥೆಯ ವತಿಯಿಂದ ಅದೇ ಹೊಸೂರಿನಲ್ಲಿ ಪ್ರೌಢಶಾಲೆಯನ್ನು ತೆರೆಸಿದರು. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜುಗಳು ಬಂದವು. ತಾವು ಪಟ್ಟ ಪಾಡು ಮುಂದಿನ ಮಕ್ಕಳಿಗೆ ಬೇಡವೆಂದು ದಾರಿಯನ್ನೇ ಮೊಟಕು ಮಾಡಿದ ಈ ಕೆಲಸಕ್ಕಿಂತ ದೊಡ್ಡ ದತ್ತಿ ಯಾವುದಿದೆ?

2005ರ ಜನವರಿ 31ರಂದು ಅವರು ತೀರಿಕೊಂಡರು.

ಪ್ರಿಯ ಶಿಷ್ಯರೇ, ಬಂಧುಗಳೇ, ಎಲ್ಲರೂ ಎಚ್ಚೆನ್ನರಂತೆ ಬದುಕಲಾಗದು, ನಾನಂತೂ ಬದುಕಲಿಲ್ಲ. ಆದರೆ ಜಗಳೂರು ಸೀಮೆಯ ಬರಗಾಲಗಳ ನಡುವೆ ಅಕ್ಷರ ಕಲಿತ ನಮಗೆ ಈ ಕಥೆ ಹೊಸದಲ್ಲ. ಬಿಳಿಚೋಡಿನಂಥ ಊರಿನ ಶಾಲೆಗೆ ಹಣ ಕೊಡಬಲ್ಲವರು ಕೊಡಿ. ಕೊಡಲಾಗದವರು ರಜೆಗೆ ಬಂದಾಗ ಒಂದು ತಾಸು ಮಕ್ಕಳೊಡನೆ ಕುಳಿತು ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಿ. ನೀವು ಯಾವುದಕ್ಕಾಗಿ ದೂರ ನಡೆಯಬೇಕಾಯಿತೆಂದು ನೆನೆದರೆ, ಏನು ಕೊಡಬೇಕೆಂಬುದು ತಾನಾಗಿ ತಿಳಿಯುತ್ತದೆ.